ಹಸಿರು ದೀಪದ ಟೇಲ್ ಎಂಡ್

"ಶಾಂತಕ್ಕ ಬರ್ಲಿಲ್ಲೇನು?" ಒಗ್ಗರಣಿ ಪ್ಲೇಟಿಗೆ ಕೈ ಹಾಕ್ತಾ ಕೇಳಿದ ಹುಸೇನಪ್ಪ. ರೈತರ ಕಾಲ್ ಎತ್ತೋ ಆಫೀಸಿನ ಮಂದಿ ಹೊರಗ ತಿನ್ನಾಕ ಬಂದಿದ್ರು.

"ಎಲ್ಲಿ ಬರ್ತಾಳ, ನಮ್ಮ ದೀಪ ಎಲ್ಲಾ ಕೆಂಪ, ಆಕೀದೊಂದ ಹಸಿರ," ಅಂದ ಅಮರೇಶ. "ಹೊಸಾ ಫೋನ್ ಭಾಳ ಚಲೋ ಅದಾವಪಾ. ಯಾರು ಖಾಲಿ, ಯಾರು ಬಿಜಿ, ಕುಂತಲ್ಲೇ ಕಾಣ್ತೈತಿ."

"ನೀ ಬರೋಮುಂದ ಏನ್ ಒತ್ತಿ ಬಂದಿ?"

"ಸ್ಟಾರ್ 78. ಡಿಎನ್‌ಡಿ, ಅಂದ್ರ ಯಾವ ಕಾಲೂ ಬಡಿಯಂಗಿಲ್ಲ. ವಾಪಸ್ ಹೋಗಿ ಸ್ಟಾರ್ 79 ಒತ್ತಿದ್ರ ಆತು."

"ನಿನ್ನೆ ಒತ್ತಿದ್ದೇನು?"

ಅಮರೇಶ ಮಿರ್ಚಿ ಕಡದ. ಭಾಳ ಖಾರ ಇತ್ತು.

"ಈ ಕೋಡ್-ಗೀಡ್ ನನಗ ಆಗಂಗಿಲ್ಲ," ಅಂದ ಈರಣ್ಣ. "ಸೆಟ್ಟಿನ ಮ್ಯಾಲಿನ ಗುಂಡಿ ಒತ್ತಿಬಿಡ್ತೀನಿ."

"ಅದು ಇನ್ನಾ ಚಂದ. ಆ ಗುಂಡೀನ ಆಫೀಸಿನ ಎಕ್ಸ್‌ಚೇಂಜಿಗೆ ಜೋಡಿಸಿರದಿದ್ರ, ಅದರ ಸುದ್ದಿ ನಿನ್ನ ಸೆಟ್ಟಿಗಷ್ಟ ಗೊತ್ತು. ಕಾಲ್ ಬಂದಾಗೊಮ್ಮೆ '486, ಬಿಜಿ' ಅಂತ ತಿರುಗಿ ಕಳಿಸ್ತೈತಿ. ಉಳದವರ ಸೆಟ್ಟಿನ್ಯಾಗ ನೀ ಹಸಿರ. ಒಳಗ ಚಿಲಕಾ ಹಾಕ್ಕೊಂಡು ಕುಂತು, ಹೊರಗ 'ಸುಸ್ವಾಗತ' ಅಂತ ರಂಗೋಲಿ ಬಿಟ್ಟಂಗ."

"ನಾ ಒತ್ತೋದು ಮಾತಾಡೋಮುಂದಪಾ. ನಡುವ ಎರಡನೇ ಕಾಲ್ ಟುಂಯ್ ಟುಂಯ್ ಅಂತೈತಲ್ಲ."

"ಅಷ್ಟಕ್ಕ ಕಾಲ್ ವೇಟಿಂಗ್ ಬಂದ್ ಮಾಡು. ನಮ್ಮ ಎಕ್ಸ್‌ಚೇಂಜ್ ಫ್ರೀಪಿಬಿಎಕ್ಸ್ ಅನ್ನೋ ಸಾಫ್ಟ್‌ವೇರಿಂದು, ಸ್ಟಾರ್ 71 ಒತ್ತಿದ್ರ ಬಂದ್, 70 ಒತ್ತಿದ್ರ ಚಾಲೂ. ಸೊಳ್ಳಿ ಬಂತಂತ ಊರಿಗೇ ಬೇಲಿ ಹಾಕ್ತಿಯೇನು?"

"ರೈತ ಹೇಳಿದ್ದ ಬೀಜದ ಲೆಕ್ಕ ಬರ್ಕೊಳಾಕ ಹೊತ್ತು ಬೇಕಲ್ಲ?" ಅಮರೇಶ ಬಿಡಲಿಲ್ಲ. "ಇಟ್ಟ ಕೂಡ್ಲೇ ಮುಂದಿಂದು ಹೊಡ್ಕೊಂತೈತಿ."

"ಹಾಂ, ಇದು ಖರೇ ಮಾತು. ರ‍್ಯಾಪ್-ಅಪ್ ಟೈಮ್, ಅಂದ್ರ ಒಂದು ಕಾಲ್ ಮುಗದ ಮ್ಯಾಲ ಸಿಗೋ ಬಿಡುವು, 0 ಇಟ್ಟಾರ, 30 ಸೆಕೆಂಡ್ ಮಾಡಿಸ್ರಿ. ಅದೂ ಸಾಲದಿದ್ರ ಸ್ಟಾರ್ 46. ಆಫೀಸ್ ನಂಬರಿನ ಸರದಿ ಕಾಲ್ ಅಷ್ಟ ನಿಲ್ತಾವು, ನಿನ್ನ ನಂಬರಿಗೆ ನೇರ ಬರೋವು ಬರ್ತಾವು. ತಿರುಗಿ ಸ್ಟಾರ್ 46 ಒತ್ತೋದು ಮರಿಬ್ಯಾಡ ಮತ್ತ."

"ಒಬ್ಬರಿಲ್ಲಂದ್ರ ಇನ್ನೊಬ್ಬರು ಎತ್ತತಾರ ಬಿಡು."

"ಇನ್ನೊಬ್ಬರು ಅಂದ್ರ ಯಾರು? ಸರದಿ ಲಿನಿಯರ್ ಇಟ್ಟಾರ, ಅಂದ್ರ ಯಾವಾಗ್ಲೂ ಅದ ಸಾಲಿನ್ಯಾಗ ಬಡಿತೈತಿ. 201ಕ್ಕ ಸುರು, ಶಾಂತಕ್ಕನ 206 ಕಡೀಕ. ತುಂಗಭದ್ರಾ ಎಡದಂಡಿ ಕಾಲುವಿಯಾಗ ಮ್ಯಾಲಿನವರು ಗೇಟ್ ಎತ್ತಿದ್ರ ಕಡೀಕಿರೋ ಟೇಲ್ ಎಂಡ್ ಮಾನ್ವಿಗೆ ಹನಿ ನೀರು ಮುಟ್ಟಂಗಿಲ್ಲ. ಇಲ್ಲಿ ಉಲ್ಟಾ. ನೀವೆಲ್ಲ ಗೇಟ್ ಇಳಿಸಿ ಮಿರ್ಚಿ ತಿನ್ನಾಕ ಬಂದೀರಿ, ಇಡೀ ತುಂಗಭದ್ರಾ ಆಕಿ ಒಂದ ಕಿವಿಗೆ."

"ಮಾನ್ವಿ ರೈತರ ಮುಂದ ಹೇಳಬ್ಯಾಡ. ನಮಗೂ ಇದ ಸಿಸ್ಟಂ ಬೇಕಂತ ಧರಣಿ ಕುಂತಾರು," ಅಂದ ಈರಣ್ಣ.

"ಲೀಸ್ಟ್ ರೀಸೆಂಟ್ ಅಂತ ಇಟ್ರ, ಯಾರಿಗೆ ಕಾಲ್ ಬಂದು ಭಾಳ ಹೊತ್ತಾತೋ ಅವರಿಗೆ ಮೊದಲ ಬಡಿತೈತಿ," ಅಂದ ಅಮರೇಶ, ಶಾಣ್ಯಾನಂಗ.

"ಬಡಿತೈತಿ, ನೀವು ಐದೂ ಮಂದಿ ಕೆಂಪಿಲ್ಲದಿದ್ರ."

ಚಾ ಬಂತು. ಹುಸೇನಪ್ಪ ಬಸಿಗೆ ಸುರಕೊಂಡ.

"ಮೊದಲ ಟ್ರಂಕ್ ಕಾಲ್ ಹಚ್ಚಿದ್ರ ಎಕ್ಸ್‌ಚೇಂಜಿನ ಅಕ್ಕಾರು 'ಸಾವ್ಕಾರ್ರು ಈಗಷ್ಟ ಉಣ್ಣಾಕ ಹ್ವಾದ್ರು, ಮೂರರ ಮ್ಯಾಲ ಮಾಡ್ರಿ' ಅಂತಿದ್ರು. ಅದು ನೋಡಪಾ ಸ್ಟೇಟಸ್. ಹಸಿರ ದೀಪದಾಗ ಆಕಿ ಉಂಡಾಳೋ ಇಲ್ಲೋ ಎಲ್ಲಿ ಕಾಣ್ತೈತಿ?"

ಯಾರೂ ಮಾತಾಡ್ಲಿಲ್ಲ.

"ಆಕಿಗೆ ಎರಡು ಮಿರ್ಚಿ ಕಟ್ಟಿಸ್ಕೊಂಡು ಹೋಗೂಣು," ಅಂದ ಈರಣ್ಣ. "ಒಗ್ಗರಣಿನೂ ಬೇಕೇನು ಕೇಳು."

ಅಮರೇಶ ಆಫೀಸಿನ ನಂಬರ್ ಹಚ್ಚಿ, ಮೊಬೈಲ್ ಕಿವಿಗಿಟ್ಟು ಸುಮ್ಮನ ಕುಂತ.

"ಏನಂದ್ಲು?"

"ಸರದಿಯಾಗ ನೀವು ನಾಕನೇದವ್ರು ಅನ್ನಾಕತ್ತೈತಿ."