ಪ್ರೋಟೀನ್ ಕೋಶದೊಳಗೆ ಹೋಗಿದೆ, ಆದರೆ ಬರೀ ಚುಕ್ಕೆಗಳೇ ಕಾಣುತ್ತಿವೆ

ಪ್ರಶ್ನೆ
ಹೀಲಾ ಕೋಶಗಳು (ಲ್ಯಾಬಿನಲ್ಲಿ ಬೆಳೆಸುವ ಮಾನವ ಕೋಶಗಳು), ಗಾಜಿನ ತಳದ ಡಿಶ್. ಆಕ್ಟಿನ್‌ಗೆ (ಕೋಶದೊಳಗೆ ಎಳೆಗಳಾಗಿರುವ ಪ್ರೋಟೀನ್) ಅಂಟುವ ನ್ಯಾನೋಬಾಡಿಗೆ (ಪುಟ್ಟ ಪ್ರತಿಕಾಯದ ತುಣುಕು) ಅಲೆಕ್ಸಾ 488 ಎಂಬ ಹಸಿರು ಡೈ ಹಚ್ಚಿ, ಕೋಶದೊಳಗೆ ಸಾಗಿಸಲು ಟ್ಯಾಟ್ ಪೆಪ್ಟೈಡ್ ಜೋಡಿಸಿದ್ದೇನೆ. ಸೀರಮ್ ಇಲ್ಲದ ಮೀಡಿಯಾದಲ್ಲಿ 5 ಮೈಕ್ರೋಮೋಲಾರ್, ಒಂದು ಗಂಟೆ. ತೊಳೆದು ಕಾನ್‌ಫೋಕಲ್ ಮೈಕ್ರೋಸ್ಕೋಪಿನಲ್ಲಿ ನೋಡಿದರೆ ನ್ಯೂಕ್ಲಿಯಸ್ ಪಕ್ಕ ಚುಕ್ಕೆಗಳ ಗುಂಪು, ಎಳೆ ಒಂದೂ ಇಲ್ಲ. ಆದರೆ ಅದೇ ಡಿಶ್ ಫಿಕ್ಸ್ ಮಾಡಿದರೆ (ರಾಸಾಯನಿಕ ಹಾಕಿ ಕೋಶಗಳನ್ನು ಇದ್ದಂತೆ ಸ್ಥಿರಗೊಳಿಸಿದರೆ) ಕೋಶದ ತುಂಬ ಹಸಿರು, ನ್ಯೂಕ್ಲಿಯಸ್‌ನಲ್ಲೂ! ಅಂದರೆ ಒಳಗೆ ಹೋಗಿದೆ ಅಲ್ವಾ? ಡೋಸ್ ಜಾಸ್ತಿ ಮಾಡಲಾ?

ಉತ್ತರ 1
ಡೋಸ್ ಮುಟ್ಟಬೇಡಿ. ಫಿಕ್ಸ್ ಮಾಡಿದ ಚಿತ್ರವನ್ನು ಪಕ್ಕಕ್ಕಿಡಿ. ಫಿಕ್ಸ್ ಮಾಡುವಾಗ ಪೊರೆಗಳು ಸೋರುತ್ತವೆ. ಧನ ಆವೇಶದ ಟ್ಯಾಟ್ ಹೊರಬಂದು ಡಿಎನ್ಎ, ಆರ್‌ಎನ್ಎಗೆ ಅಂಟಿಕೊಳ್ಳುತ್ತದೆ. 2003ರಲ್ಲೇ ಇದನ್ನು ತೋರಿಸಿಕೊಟ್ಟಿದ್ದಾರೆ, ಆದರೂ ಈ ಗೊಂದಲ ಮುಗಿದಿಲ್ಲ.

ಜೀವಂತ ಕೋಶದಲ್ಲಿ ಕಂಡದ್ದೇ ನಿಜ. ನಿಮ್ಮ ಪ್ರೋಟೀನ್ ಎಂಡೋಸೋಮ್‌ನಲ್ಲಿ (ಹೊರಗಿನದನ್ನು ಒಳಗೆ ತರುವ ಪೊರೆಯ ಚೀಲ) ಸಿಕ್ಕಿಕೊಂಡಿದೆ. ಗೇಟು ದಾಟಿದೆ, ಬಾಗಿಲು ದಾಟಿಲ್ಲ. ಖಚಿತ ಮಾಡಿಕೊಳ್ಳಲು ಕೆಂಪು ಲೈಸೋಟ್ರ್ಯಾಕರ್ (ಇಂಥ ಆಮ್ಲೀಯ ಚೀಲಗಳನ್ನು ತೋರಿಸುವ ಡೈ) ಹಾಕಿ, ಚುಕ್ಕೆಗಳು ಒಂದರ ಮೇಲೊಂದು ಕೂರುತ್ತವಾ ನೋಡಿ. ಇನ್ನೊಂದು ಡಿಶ್‌ಗೆ 4 ಡಿಗ್ರಿಯಲ್ಲೇ ಪ್ರೋಟೀನ್ ಹಾಕಿಡಿ. ಎಂಡೋಸೈಟೋಸಿಸ್ (ಕೋಶ ಹೀಗೆ ಚೀಲದಲ್ಲಿ ಒಳಗೆಳೆದುಕೊಳ್ಳುವುದು) ನಿಲ್ಲುವುದರಿಂದ ಒಳಗಿನ ಚುಕ್ಕೆಗಳು ಬರಬಾರದು. ಅಂಚಿನಲ್ಲಿ ಮಾತ್ರ ಹಸಿರು ಉಳಿದರೆ ಅದು ಹೊರಗೆ ಅಂಟಿದ್ದು, ಋಣ ಆವೇಶದ ಹೆಪಾರಿನ್ ಹಾಕಿ ತೊಳೆಯಿರಿ.

ಉತ್ತರ 2
ಮೇಲಿನವರು ಹೇಳಿದ್ದು ಸರಿ. ನನ್ನ ಪ್ರಕಾರ ಟ್ಯಾಟ್ ಬಿಟ್ಟೇ ಬಿಡಿ, ಬೀಡ್ ಲೋಡಿಂಗ್ ಮಾಡಿ. 1987ರ ವಿಧಾನ, ಖರ್ಚು ಕಡಿಮೆ.

ಮೀಡಿಯಾ ತೆಗೆಯಿರಿ. ಡಿಶ್ ನಡುವೆ ಕೆಲವೇ ಮೈಕ್ರೋಲೀಟರ್ ಪ್ರೋಟೀನ್ ಹಾಕಿ. ತೊಳೆದು ಒಣಗಿಸಿದ ಗಾಜಿನ ಮಣಿಗಳನ್ನು (ಸುಮಾರು 100 ಮೈಕ್ರಾನ್) ಒಂದೇ ಪದರ ಆಗುವಂತೆ ಉದುರಿಸಿ. ಡಿಶ್ ಎತ್ತಿ ಮೇಜಿನ ಮೇಲೆ ಕೆಲವು ಸಲ ಟಪಟಪ ತಟ್ಟಿ, ತಕ್ಷಣ ಬೆಚ್ಚಗಿನ ಮೀಡಿಯಾ ಸುರಿಯಿರಿ. ಮಣಿ ಉರುಳಿದಲ್ಲಿ ಪೊರೆ ಕ್ಷಣಕಾಲ ಹರಿದು ಮತ್ತೆ ಮುಚ್ಚಿಕೊಳ್ಳುತ್ತದೆ. ಮುಚ್ಚಲು ಕ್ಯಾಲ್ಸಿಯಂ ಬೇಕೇ ಬೇಕು, ಹಾಗಾಗಿ ಕ್ಯಾಲ್ಸಿಯಂ ಇಲ್ಲದ ಪಿಬಿಎಸ್ (ಉಪ್ಪಿನ ಬಫರ್) ದ್ರಾವಣದಲ್ಲಿ ಈ ಕೆಲಸ ಮಾಡಬೇಡಿ. ಜೋರಾಗಿ ತಟ್ಟಿದರೆ ಕೋಶಗಳೇ ಕಿತ್ತು ಬರುತ್ತವೆ.

ಅದಕ್ಕೂ ಮೊದಲು, ಪ್ರೋಟೀನಿಗೆ ಅಂಟದ ಬಿಡಿ ಡೈ ಉಳಿದಿದೆಯಾ ನೋಡಿ. ಎಸ್‌ಡಿಎಸ್ ಜೆಲ್ (ಪ್ರೋಟೀನ್‌ಗಳನ್ನು ಗಾತ್ರದ ಪ್ರಕಾರ ಬೇರ್ಪಡಿಸುವ ಜೆಲ್) ಓಡಿಸಿ, ಸ್ಟೇನ್ ಮಾಡದೆ ಹಾಗೇ ಇಮೇಜ್ ಮಾಡಿ. ಎಲ್ಲಕ್ಕಿಂತ ಮುಂದೆ ಓಡಿದ ತುದಿಯಲ್ಲಿ ಹಸಿರು ಕಂಡರೆ ಡೈ ಬಾಕಿ ಇದೆ ಅಂತ ಅರ್ಥ, ಡೀಸಾಲ್ಟಿಂಗ್ ಕಾಲಮ್ (ಸಣ್ಣ ಅಣುಗಳನ್ನು ಬೇರ್ಪಡಿಸುವುದು) ಇನ್ನೊಮ್ಮೆ. ಮಣಿ ಮಾಡಿದ ತೂತಿನಲ್ಲಿ ಅದೂ ನುಗ್ಗುತ್ತದೆ!

ಪ್ರಶ್ನೆ ಕೇಳಿದವರು
ಲೈಸೋಟ್ರ್ಯಾಕರ್ ಮೇಲೆ ಚುಕ್ಕೆಗಳು ಸರಿಯಾಗಿ ಕೂತವು. ಡೈ ತೆಗೆದು, ಟ್ಯಾಟ್ ಇಲ್ಲದ ನ್ಯಾನೋಬಾಡಿಯಲ್ಲಿ ಬೀಡ್ ಲೋಡಿಂಗ್ ಮಾಡಿದೆ. ಕೆಲವು ಕೋಶಗಳಲ್ಲಿ ಎಳೆಗಳು ಚೆನ್ನಾಗಿ ಕಾಣುತ್ತಿವೆ. ಉಳಿದವು ಪೂರ್ತಿ ಹಸಿರು, ನ್ಯೂಕ್ಲಿಯಸ್ ಸಮೇತ. ಮತ್ತೆ ಟ್ಯಾಟ್ ಕಾಟವೇ?

ಉತ್ತರ 2
ಅಲ್ಲ. ನ್ಯಾನೋಬಾಡಿ ಬರೀ 15 ಕಿಲೋಡಾಲ್ಟನ್, ನ್ಯೂಕ್ಲಿಯಸ್ ರಂಧ್ರದಲ್ಲಿ ಸುಲಭವಾಗಿ ನುಸುಳುತ್ತದೆ. ಪೂರ್ತಿ ಹಸಿರಾದವಕ್ಕೆ ಪ್ರೋಟೀನ್ ಜಾಸ್ತಿ ಹೋಗಿರಬೇಕು, ಅಂಟದೆ ಉಳಿದದ್ದು ಎಲ್ಲೆಡೆ ಹರಡಿದೆ. ಬೀಡ್ ಲೋಡಿಂಗ್‌ನಲ್ಲಿ ಎಲ್ಲ ಕೋಶಕ್ಕೂ ಸಮ ಪಾಲು ಸಿಗುವುದಿಲ್ಲ. ಮಂದವಾಗಿ ಹೊಳೆಯುವುದನ್ನೇ ಹುಡುಕಿ ಇಮೇಜ್ ಮಾಡಿ, ಮುಂದಿನ ಸಲ ಪ್ರೋಟೀನ್ ಅರ್ಧ ಮಾಡಿ. ಜೊತೆಗೆ ಪ್ರೊಪಿಡಿಯಮ್ ಅಯೊಡೈಡ್ (ಪೊರೆ ಹರಿದ ಕೋಶಕ್ಕೆ ಮಾತ್ರ ನುಗ್ಗುವ ಕೆಂಪು ಡೈ) ಹಾಕಿ, ಆದರೆ ಪೊರೆ ಮುಚ್ಚಿಕೊಳ್ಳಲು ಸಮಯ ಕೊಟ್ಟ ಮೇಲೆ. ಆಗಲೂ ನ್ಯೂಕ್ಲಿಯಸ್ ಕೆಂಪಾದ ಕೋಶವನ್ನು ಲೆಕ್ಕಕ್ಕೆ ತಗೋಬೇಡಿ.