ಆಫೀಸ್ ಮಷಿನ್‌ಗೆ ಬರೋ ಗೋಪ್ಯ ಫ್ಯಾಕ್ಸ್ ಪಿನ್ ಹೊಡೆದ ಮೇಲೇ ಪ್ರಿಂಟ್ ಆಗಬೇಕು, ಹೇಗೆ?

ತೀರ್ಥಹಳ್ಳಿ_ಡೆಸ್ಕ್:
ಜೆರಾಕ್ಸು, ಪ್ರಿಂಟು, ಫ್ಯಾಕ್ಸು ಎಲ್ಲದಕ್ಕೂ ಒಂದೇ ಮಷಿನ್, ಅದೂ ಪಡಸಾಲೆಯಲ್ಲಿ. ಶಿವಮೊಗ್ಗದಿಂದ ರಾತ್ರಿ ಬರೋ ಗೋಪ್ಯ ಕಾಗದ ಬೆಳಗಿನವರೆಗೆ ಟ್ರೇಯಲ್ಲೇ ಬಿದ್ದಿರುತ್ತೆ. ಕಂಪ್ಯೂಟರಲ್ಲಿ ಸೆಕ್ಯೂರ್ ಪ್ರಿಂಟ್ ಆನ್ ಮಾಡಿದ್ರೂ ಫ್ಯಾಕ್ಸು ಹಾಗೇ ಹೊರಗೆ ಬರ್ತಿದೆ. ಕರೆಂಟ್ ಹೋದ್ರೆ ಮೆಮೊರಿಯಲ್ಲಿದ್ದದ್ದು ಅಳಿಸಿಹೋಗುತ್ತಾ?

ಟೋನರ್_ಭಟ್ಟ:
ಸೆಕ್ಯೂರ್ ಪ್ರಿಂಟ್ ಕಂಪ್ಯೂಟರಿಂದ ಕಳಿಸಿದ್ದಕ್ಕೆ ಮಾತ್ರ. ಫ್ಯಾಕ್ಸ್ ಫೋನ್ ಲೈನಿಂದ ಬರುತ್ತೆ, ಕಂಪ್ಯೂಟರಲ್ಲಿರೋ ಪ್ರಿಂಟರ್ ಸಾಫ್ಟ್‌ವೇರ್ (ಡ್ರೈವರ್) ಅದನ್ನ ನೋಡೋದೇ ಇಲ್ಲ. ಫ್ಯಾಕ್ಸ್ ರಿಸೀವ್ ಸೆಟ್ಟಿಂಗಲ್ಲಿ ಹುಡುಕಿ. ಕ್ಯಾನನ್, ರಿಕೋಗಳಲ್ಲಿ ಇದರ ಹೆಸರು ಮೆಮೊರಿ ಲಾಕ್. ಬೇರೆಯವರು ಸೆಕ್ಯೂರ್ ರಿಸೀವ್ ಅಂತಲೋ ಇನ್ನೊಂದೋ ಅಂತಾರೆ. ಮೊದಲು ಅಡ್ಮಿನ್ ಪಾಸ್‌ವರ್ಡ್ ಬದಲಾಯಿಸಿ. ಕಂಪನಿ ಕೊಟ್ಟ ಪಾಸ್‌ವರ್ಡೇ ಇದ್ದರೆ ಯಾರು ಬೇಕಾದ್ರೂ ಲಾಕ್ ತೆಗೀಬಹುದು. ಆಮೇಲೆ ಲಾಕ್ ಆನ್ ಮಾಡಿ, ಪಿನ್ ಇಡಿ, ಇನ್ನೊಂದು ಕಡೆಯಿಂದ ಒಂದು ಪುಟ ಕಳಿಸಿ ನೋಡಿ. ಫ್ಯಾಕ್ಸ್ ಬಂದಿದೆ ಅಂತ ಪರದೆ ತೋರಿಸಬೇಕು, ಕಾಗದ ಬರಬಾರದು.

ಲಾಕಿಗೆ ಸಮಯ ಇಡೋ ಸೌಲಭ್ಯ ಇದ್ರೆ ಹುಷಾರು. ಕೆಲವು ಮಷಿನ್‌ಗಳು ಸಮಯ ಮುಗಿದ ಕೂಡಲೇ ಒಳಗಿದ್ದದ್ದೆಲ್ಲ ಒಟ್ಟಿಗೆ ಕಕ್ಕುತ್ತವೆ. ಇಡೀ ದಿನ ಲಾಕ್ ಇರಲಿ.

ಮಳೆ_ಮಷಿನ್:
ಕರೆಂಟ್ ವಿಷಯ. ಹಾರ್ಡ್ ಡಿಸ್ಕ್ ಅಥವಾ ಫ್ಲಾಶ್‌ನಲ್ಲಿ ಉಳಿಸೋ ಮಷಿನ್ ಆದ್ರೆ ಚಿಂತೆ ಇಲ್ಲ. ಬರೀ ರ‍್ಯಾಮಲ್ಲಿ ಇಟ್ಟುಕೊಳ್ಳೋದು ಒಳಗಿನ ಬ್ಯಾಟರಿ ಇರೋವರೆಗೆ ಮಾತ್ರ. ಕಂಪ್ಯೂಟರಿಗೆ ತರೋ 600 ವಿಎ ಯುಪಿಎಸ್‌ಗೆ ಲೇಸರ್ ಮಷಿನ್ ಹಾಕಬೇಡಿ. ಟೋನರ್ ಪುಡಿಯನ್ನ ಕಾಗದಕ್ಕೆ ಕಾಯಿಸಿ ಅಂಟಿಸೋ ಭಾಗ, ಅಂದ್ರೆ ಫ್ಯೂಸರ್, ಬಿಸಿಯಾಗುವಾಗ ಸಾವಿರ ವ್ಯಾಟ್ ಹತ್ತಿರ ಎಳೆಯುತ್ತೆ, ಯುಪಿಎಸ್ ಕೈಕೊಡುತ್ತೆ. ನಮ್ಮ ಕಡೆ ಸಿಡಿಲು ಫೋನ್ ತಂತಿಯಲ್ಲೂ ಬರುತ್ತೆ, ಹಾಗಾಗಿ ಸರ್ಜ್ ಪ್ರೊಟೆಕ್ಟರ್ ಆ ಲೈನಿಗೂ ಬೇಕು. ಮೆಮೊರಿ ತುಂಬಿದ್ರೆ ಹೊಸ ಫ್ಯಾಕ್ಸ್ ಒಳಗೇ ಬರಲ್ಲ, ದಿನಾ ಬೆಳಿಗ್ಗೆ ಖಾಲಿ ಮಾಡಿ.

ಇನ್ನೊಂದು. ಪಿನ್ ಹೊಡೆದವರು ಕೊನೇ ಪುಟ ಬರೋವರೆಗೆ ಅಲ್ಲೇ ನಿಂತಿರಬೇಕು. ಆಷಾಢದಲ್ಲಿ ಕಾಗದ ತೇವ ಹೀರಿ ಮೂರನೇ ಪುಟಕ್ಕೇ ಜಾಮ್ ಆಗುತ್ತೆ. ಇವರು ಚಹಾಕ್ಕೆ ಹೋಗಿರ್ತಾರೆ. ಜೆರಾಕ್ಸಿಗೆ ಬಂದ ಮತ್ಯಾರೋ ಮುಚ್ಚಳ ತೆಗೆದು ಸುಕ್ಕಾದ ಹಾಳೆ ಎಳೆದ ತಕ್ಷಣ ಉಳಿದ ಪುಟಗಳೆಲ್ಲ ಅವರ ಕೈಗೇ. ಒಡೆದ ರೀಮು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಿ.

ತೀರ್ಥಹಳ್ಳಿ_ಡೆಸ್ಕ್:
ಮೆಮೊರಿ ಲಾಕ್ ಸಿಕ್ತು, ಕೆಲಸ ಮಾಡ್ತಿದೆ. ಬ್ರಾಂಚಲ್ಲಿರೋ ಹಳೇ ರಿಬ್ಬನ್ ಫ್ಯಾಕ್ಸಿಗೆ ಲಾಕೇ ಇಲ್ಲ. ಕಾಗದ ತೆಗೆದಿಟ್ರೆ ಆಗುತ್ತಾ?

ಟೋನರ್_ಭಟ್ಟ:
ಕಾಗದ ಇಲ್ಲದಾಗ ಮೆಮೊರಿಗೆ ತಗೊಳ್ಳುತ್ತೆ ನಿಜ, ಆದ್ರೆ ಯಾರು ಕಾಗದ ತುಂಬಿದ್ರೂ ಅವರ ಮುಂದೆಯೇ ಪ್ರಿಂಟ್ ಆಗುತ್ತೆ. ಅದಕ್ಕಿಂತ ಆಟೋ ರಿಸೀವ್ ಆಫ್ ಮಾಡಿ, ಕಳಿಸೋರು ಮೊದಲು ಫೋನ್ ಮಾಡಲಿ. ಹಳೇ ರಿಬ್ಬನ್ನಿನ ಬಗ್ಗೆ ಯಾರೂ ಯೋಚಿಸಲ್ಲ ಮಾರಾಯ್ರೆ. ಬಿಚ್ಚಿ ಬೆಳಕಿಗೆ ಹಿಡೀರಿ: ಶಾಯಿ ಹೋದ ಕಡೆ ಅಕ್ಷರ ಪಾರದರ್ಶಕವಾಗಿ ಕಾಣುತ್ತೆ, ಬಂದ ಪ್ರತಿ ಪುಟವನ್ನೂ ಸಾಲಾಗಿ ಓದಬಹುದು. ಕಸದ ಬುಟ್ಟಿಗೆ ಹಾಕದೆ ಕತ್ತರಿಸಿ ಹಾಳುಮಾಡಿ.

ಮಳೆ_ಮಷಿನ್:
ನೀವು ಕಳಿಸುವಾಗ ಬರೋ ರಿಪೋರ್ಟನ್ನೂ ನೋಡಿ. ಕೆಲವದರಲ್ಲಿ ಮೊದಲ ಪುಟದ ಚಿಕ್ಕ ಚಿತ್ರವೇ ಅಚ್ಚಾಗುತ್ತೆ. ರಿಪೋರ್ಟ್ ಸೆಟ್ಟಿಂಗಲ್ಲಿ ಚಿತ್ರ ಆಫ್ ಮಾಡಿ.