ಅಪ್‌ಡೇಟ್: ಹಳೆಯ ಚೆರೋಕಿಗೆ ಹೊಸ ಇಂಜೆಕ್ಟರ್

ನನ್ನ 1995ರ ಜೀಪ್ ಚೆರೋಕಿಯ 4.0 ಲೀಟರ್ ಎಂಜಿನ್‌ಗೆ ನಾಲ್ಕು ರಂಧ್ರದ ಇಂಜೆಕ್ಟರ್ (ಪೆಟ್ರೋಲ್ ಸಿಂಪಡಿಸುವ ಭಾಗ) ಹಾಕಬಹುದೇ ಎಂದು ಕೇಳಿದ್ದೆ. ಆರು ಸಿಲಿಂಡರಿಗೂ ಒಂದೊಂದರಂತೆ ಹಾಕಿಯೇಬಿಟ್ಟೆ. ಹೆಚ್ಚು ಹರಿವಿನವು ಬೇಡ ಎಂದವರ ಮಾತು ಕೇಳಿದ್ದು ಒಳ್ಳೆಯದಾಯಿತು. ಇಸಿಯುಗೆ (ಎಂಜಿನ್ ನಿಯಂತ್ರಿಸುವ ಕಂಪ್ಯೂಟರಿಗೆ) ಗೊತ್ತಿರುವುದು ಹಳೆಯ ಅಳತೆಯೇ, ಅದನ್ನು ಮೀರಿ ಪೆಟ್ರೋಲ್ ಸುರಿದರೆ ಕರಿಹೊಗೆಯೇ ಗತಿ.

ಮೊದಲ ಸಲ ಕೀಲಿ ತಿರುಗಿಸಿದಾಗ ಪೆಟ್ರೋಲ್ ವಾಸನೆ ಮೂಗಿಗೆ ಬಡಿಯಿತು. ತಪ್ಪು ನನ್ನದೇ: ಎಣ್ಣೆ ಸವರದೆ ಒತ್ತಿದ್ದರಿಂದ ಮೂರನೆಯ ಸಿಲಿಂಡರಿನ ಇಂಜೆಕ್ಟರಿನ ಓ-ರಿಂಗ್ (ಸೋರಿಕೆ ತಡೆಯುವ ರಬ್ಬರ್ ಬಳೆ) ಹರಿದಿತ್ತು. ತಕ್ಷಣ ಆರಿಸಿ, ಫ್ಯುಯೆಲ್ ರೈಲಿನ (ಇಂಜೆಕ್ಟರ್‌ಗಳಿಗೆ ಪೆಟ್ರೋಲ್ ಹಂಚುವ ಕೊಳವೆಯ) ಒತ್ತಡ ಇಳಿಸಿ, ಓ-ರಿಂಗ್ ಬದಲಿಸಿದೆ. (ಎರಡು ರೂಪಾಯಿಯ ರಬ್ಬರಿಗೆ ಎಷ್ಟು ಜಂಬ!)

ಈಗ ನಿಂತಲ್ಲಿ ನಡುಕವಿಲ್ಲ. ಕಲ್ಲುದಾರಿಯಲ್ಲಿ ಮೆಲ್ಲಗೆ ಆಕ್ಸಿಲರೇಟರ್ ಒತ್ತಿದರೂ ಎಳೆತ ಸಮವಾಗಿದೆ. ಶಕ್ತಿ ಹೆಚ್ಚಿತೆಂದು ಮಾತ್ರ ಹೇಳಲಾರೆ. ಮೈಲೇಜ್ ಲೆಕ್ಕಕ್ಕೆ ಇನ್ನೆರಡು ಟ್ಯಾಂಕ್ ಓಡಿಸಬೇಕು.